ಕುಸುಬಿ ಎಣ್ಣೆ ಕುಡಿದ ಪಂಪು

ಮೊನ್ನೆ ಒಂದು ಹುಲ್ಲು ಕತ್ತರಿಸುವ ಮಷೀನಿನ ಟಾಕಿಯ ಮುಚ್ಚಳ ತೆರೆದೆ. ಹಳೆ ಪೆಟ್ರೋಲಿನ ಜೊತೆಗೆ ಕುಸುಬಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಈಗ ನಾವಿರುವ ರಾಯಾಪುರದ ಓಣಿಯಲ್ಲಿ ಒಬ್ಬರು ಗುಜರಿಗೆಂದು ಹೊರಗಿಟ್ಟಿದ್ದ ಮಷೀನು ಅದು. ಯಾರ ಮನೆಯದೆಂದು ಹೇಳುವುದಿಲ್ಲ. ಕಾರಣ ಕೊನೆಗೆ ತಿಳಿಯುತ್ತದೆ. ವಾಸನೆ ಬಂದದ್ದೇ ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ಶಿರಗುಪ್ಪಿಯ ಮಿಸ್ತ್ರಿ ಕಾಕಾ ನೆನಪಾದರು...

ಆಗ ನಾನು ಶಿರಗುಪ್ಪಿಗೆ ಸೊಸೆಯಾಗಿ ಬಂದು ಎರಡೇ ವರ್ಷ. ನಮ್ಮವರು ಕಾಲು ಮುರಿದುಕೊಂಡು ಸತ್ತೂರಿನ ಆಸ್ಪತ್ರೆಯಲ್ಲಿದ್ದರು. ಹತ್ತಿಗೆ ಹುಳ ಬಿದ್ದಿತ್ತು. ಔಷಧ ನಾನೇ ಹೊಡೆಯುತ್ತೇನೆ ಎಂದು ಜಂಬದಿಂದ ಹೇಳಿಬಿಟ್ಟೆ. ಬೆನ್ನಿಗೇರಿಸಿ ಔಷಧ ಹೊಡೆಯುವ ಪಂಪಿನ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕೆಂದು ಗೊತ್ತಿತ್ತು. ಯಾವ ಎಣ್ಣೆ ಎಂದು ಕೇಳಲು ಮರ್ಯಾದೆ ಅಡ್ಡ ಬಂತು. ನಮ್ಮ ಮನೆಯಲ್ಲಿ ಎಣ್ಣೆ ಎಂದರೆ ಕುಸುಬಿ ಎಣ್ಣೆ. ಹಾಕಿದೆ. ಮೊದಲ ದಿನ ಹೊಲದ ತುಂಬ ಮಿರ್ಚಿ ಭಜಿ ಕರಿದ ವಾಸನೆ. ಆಮೇಲೆ ನಾಲ್ಕು ದಿನ ಮಳೆ... ಮತ್ತೆ ಚಾಲೂ ಮಾಡಲು ಹಗ್ಗ ಎಳೆದರೆ ಪಂಪು ಕಮಕ್ ಕಿಮಕ್ ಎನ್ನಲಿಲ್ಲ.

"ಹೆಣ್ಮಕ್ಕಳ ಕೈಯಾಗ ಮಷೀನ ಕೊಟ್ರ ಹಿಂಗ ಆಗೂದು," ಎಂದು ನಮ್ಮವರ ಅಣ್ಣ, ಭಾವನವರು, ಅದನ್ನು ತಿಪ್ಪೆಗೆ ಒಗೆದರು. ಇನ್ನು ಹೊಲದ ಕಡೆ ಕಾಲಿಡುವುದು ಬೇಡವೆಂದೂ ಹೇಳಿದರು. ಪಂಪು ಹೋದದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ನೋಯಿಸಿತು.

ಪಕ್ಕದ ಮನೆಯ ಕಾಕಾ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಆಯುಷ್ಯವೆಲ್ಲ ದುಡಿದು ಮನೆ ಸೇರಿದವರು. ಕೈ ನಡುಗುತ್ತಿತ್ತು, ಮೂಗು ಮಾತ್ರ ಚುರುಕು. ಪಂಪನ್ನು ತಿಪ್ಪೆಯಿಂದ ಎತ್ತಿ ತಂದು ತಮ್ಮ ಕಟ್ಟೆಯ ಮೇಲಿಟ್ಟರು. ಟಾಕಿ ಮೂಸಿ ನೋಡಿ ನನ್ನನ್ನು ಕರೆದರು.

"ಯವ್ವಾ, ಇಂಜಿನ್ನಿಗೆ ಒಗ್ಗರಣಿ ಹಾಕೀಯೇನು?"

ನಾನು ಅತ್ತೇಬಿಟ್ಟೆ.

"ಅಳಬ್ಯಾಡ. ಇದು ಸತ್ತಿಲ್ಲ, ಉಸುರು ಕಟ್ಟೈತಿ. ಪಾನಾ ಹಿಡಿ," ಎಂದು ನಟ್ಟು ಬಿಚ್ಚುವ ಸ್ಪ್ಯಾನರನ್ನು ನನ್ನ ಕೈಗಿಟ್ಟರು.

ಹಳೆಯ ಧೋತರ ಹಾಸಿ, ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿಸಿದರು, ಖಡಕ್ ರೊಟ್ಟಿ ಆರಲು ಹಾಕಿದ ಹಾಗೆ. ಕಾರ್ಬೋರೇಟರಿನಲ್ಲಿ ಎಣ್ಣೆ ಅಂಟಾಗಿ ಕೂತಿತ್ತು. ತೊಳೆದದ್ದು, ತಂತಿಯಿಂದ ತೂತು ಬಿಡಿಸಿದ್ದು, ಪ್ಲಗ್ಗು ಉಜ್ಜಿದ್ದು ಎಲ್ಲ ನಾನೇ. ಅವರು ಒಂದು ನಟ್ಟನ್ನೂ ಮುಟ್ಟಲಿಲ್ಲ. ಹಗ್ಗ ನೀವೇ ಎಳೆಯಿರಿ ಎಂದೆ. "ಕೆಡಿಸಿದ ಕೈನ ಎಳೀಬೇಕು," ಎಂದರು. ಐದನೆಯ ಸಲಕ್ಕೆ ಪಂಪು ಕೆಮ್ಮಿತು, ಆರನೆಯದಕ್ಕೆ ಗುಡುಗಿತು.

ಸದ್ದು ಕೇಳಿ ಭಾವನವರು ಓಡಿ ಬಂದರು. "ಏನಾಗಿತ್ರಿ ಕಾಕಾ?" ನಾನು ಕಾಕಾನ ಮುಖ ನೋಡಿದೆ.

"ಕಸ ಕುಂತಿತ್ತಪಾ. ನಿನ್ನ ತಮ್ಮನ ಹೇಂತಿ ಬಿಚ್ಚಿ ತಗದ್ಲು."

ಅಷ್ಟು ಹೇಳಿ ನಮಾಜಿಗೆ ಎದ್ದು ಹೋದರು. ಮರುದಿನ ಹೊಲಕ್ಕೆ ಹೊರಟಾಗ ಭಾವನವರು ತಾವೇ ಪಂಪು ಎತ್ತಿ ನನ್ನ ಬೆನ್ನಿಗೇರಿಸಿದರು. ಎಣ್ಣೆಯ ಮಾತನ್ನು ಕಾಕಾ ಕೊನೆಯ ತನಕ ಯಾರ ಮುಂದೆಯೂ ಎತ್ತಲಿಲ್ಲ... ಈಗ ನಾನೇ ಬರೆದಿದ್ದೇನೆ. ಭಾವನವರು ಓದಿ ನಕ್ಕರೆ ನಗಲಿ.

ಮೊನ್ನೆ ನಾನು ಟಾಕಿ ಮೂಸುತ್ತಿದ್ದಾಗ ಮಷೀನು ಹೊರಗಿಟ್ಟ ಮನೆಯ ಹೊಸ ಸೊಸೆ ಬಂದು, ದುಪಟ್ಟಾದ ತುದಿ ಹಿಂಡುತ್ತ ನಿಂತಳು. ಪಾನಾ ಅವಳ ಕೈಗೆ ಕೊಟ್ಟೆ. ಸಂಜೆ ಅವಳೇ ಹಗ್ಗ ಎಳೆದಳು, ಮಷೀನು ಚಾಲೂ ಆಯಿತು. ಅವಳ ಮುಖ ನೋಡಿ, ಓಡಿಹೋಗಿ ಕಾಕಾನಿಗೆ ಹೇಳಬೇಕು ಅನ್ನಿಸಿತು. ಕಾಕಾ ಇಲ್ಲ. ಆ ಕಟ್ಟೆಯೂ ಈಗಿಲ್ಲ...

ಗೇಟಿನಲ್ಲಿ ಅವಳ ಗಂಡ ನಿಂತಿದ್ದ. "ಏನಾಗಿತ್ರಿ ಅಕ್ಕಾರ?"

"ಕಸ ಕುಂತಿತ್ತಪಾ," ಎಂದೆ. "ನಿನ್ನ ಹೇಂತಿ ಬಿಚ್ಚಿ ತಗದ್ಲು."