ಉಷ್ಣಕ್ಕೆ ಹೆದರುವ ಅವ್ವ

ಅವ್ವನ ಲೆಕ್ಕದಲ್ಲಿ ಲೋಕದ ರೋಗಗಳೆಲ್ಲ ಉಷ್ಣದಿಂದಲೇ ಬರುವುದು. ಕಣ್ಣು ಉರಿದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ. ನೆತ್ತಿಗೆ ಹರಳೆಣ್ಣೆ ತಟ್ಟದೆ ನನ್ನನ್ನು ಯಾವ ಪರೀಕ್ಷೆಗೂ ಕಳಿಸಿದವಳಲ್ಲ. ಅಂಥವಳ ಪಾಲಿಗೆ ಬಿಸಿಯೇ ಔಷಧಿಯಾಗಿ ಬಂತು ನೋಡಿ.

ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ ತನ್ನದೊಂದನ್ನು ಕೊಟ್ಟು ಉಳಿಸಿಕೊಂಡವಳು ಅವ್ವ. ಕೊಟ್ಟ ಮೇಲೆ ವರ್ಷಕ್ಕೊಮ್ಮೆ ತನಗೂ ಸ್ಕ್ಯಾನ್ ಮಾಡಿಸಿಕೊಳ್ಳಬೇಕೆಂದರೆ ಮಾತ್ರ ನೂರೆಂಟು ನೆಪ. ನಂಜನಗೂಡಿನಲ್ಲಿರುವ ತನ್ನ ತಮ್ಮನ ಮನೆಗೆ ಹೋಗಿದ್ದಾಗ ಆ ಸೋದರಮಾವ ಹೇಗೋ ಪುಸಲಾಯಿಸಿ ಅಲ್ಲೇ ಸ್ಕ್ಯಾನಿಂಗ್‌ಗೆ ಕರೆದೊಯ್ದರು. ಉಳಿದಿದ್ದ ಒಂದೇ ಕಿಡ್ನಿಯಲ್ಲಿ ನೆಲ್ಲಿಕಾಯಿ ಗಾತ್ರದ ಗಡ್ಡೆ ಕಂಡಿತು.

ನಾನು ತಿ. ನರಸೀಪುರದಲ್ಲಿ ಮೇಷ್ಟರು. ಮಾವನ ಫೋನ್ ಬಂದಾಗ ಪಾಠ ನಿಲ್ಲಿಸಿ ಕೂತುಬಿಟ್ಟೆ. ಆ ಕಿಡ್ನಿಯನ್ನೂ ತೆಗೆದರೆ ಅವ್ವನಿಗೆ ಡಯಾಲಿಸಿಸ್ಸೇ ಗತಿ. ಅದನ್ನು ವಾರವಾರ ಅನುಭವಿಸಿ ಬಂದವನು ನಾನು. ಅವಳನ್ನು ಆ ಗತಿಗೆ ಬಿಡಬಾರದೆಂದು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದೆ.

ಅಲ್ಲಿನ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. “ಕಿಡ್ನಿ ತೆಗೆಯೋದು ಬೇಡ. ಬೆನ್ನಿನ ಕಡೆಯಿಂದ ಸೂಜಿ ತೂರಿಸಿ ಗಡ್ಡೆಯನ್ನಷ್ಟೇ ಒಳಗೇ ಸುಟ್ಟುಬಿಡೋಣ. ಚಿಕ್ಕದಿರೋದ್ರಿಂದ ಆಗುತ್ತೆ. ಆದ್ರೆ ಪೂರ್ತಿ ಸುಟ್ಟಿದೆಯಾ ಅಂತ ಆಮೇಲೆ ಸ್ಕ್ಯಾನ್ ಮಾಡಿಯೇ ಹೇಳಬೇಕು” ಎಂದರು.

ನನಗೆ ಹೋದ ಜೀವ ಬಂದಂತಾಯಿತು. ಅವ್ವನ ಮುಖ ಮಾತ್ರ ಸಪ್ಪಗಾಯಿತು. ಬಸ್ಸಿನಲ್ಲಿ ಕೂತ ಮೇಲೆ ಶುರುಮಾಡಿದಳು.

“ಉಸ್ಣ ಆಗಿ ತಾನೇ ಕಣ್ಲಾ ಗಡ್ಡೆ ಬಂದಿರಾದು? ಅದ್ರ ಮ್ಯಾಲೆ ಇನ್ನೂ ಸುಡ್ತೀನಿ ಅಂತಳಲ್ಲ ಆ ಉಡ್ಗಿ!”

“ಆ ಹುಡ್ಗಿ ಓದಿರೋದು ನಿನ್ ಹರಳೆಣ್ಣೆ ಶಾಸ್ತ್ರ ಅಲ್ಲ ಕಣವ್ವ, ಸುಮ್ನಿರು” ಎಂದೆ. ಸುಮ್ಮನಾದಳು. ಒಪ್ಪಿದಳೆಂದುಕೊಂಡೆ.

ಗೊತ್ತುಮಾಡಿದ ದಿನ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದಿದ್ದರು. ಅರಿವಳಿಕೆ ಕೊಡುವ ಡಾಕ್ಟರು ಬಂದು, ಏನಾದರೂ ತಿಂದಿರಾ, ಕುಡಿದಿರಾ ಎಂದು ಕೇಳಿದರು.

“ಏನೂ ತಿಂದಿಲ್ಲ ಸಾ. ಒಟ್ಟೆ ತಂಪಾಗಿರ್ಲಿ ಅಂತ ಕಾಮಕಸ್ತೂರಿ ಬೀಜ ನೆನ್ಸಿ, ಬೆಲ್ಲ ಆಕಿ ಒಂದ್ ಚೊಂಬು ಕುಡ್ದೆ, ಅಷ್ಟೇಯ.”

ಸುಡುವವರು ಒಳಗೆ ಸಜ್ಜಾಗಿ ನಿಂತಿದ್ದರೆ ಇವಳು ಮೊದಲೇ ತಂಪು ಮಾಡಿಕೊಂಡು ಬಂದಿದ್ದಳು! ಚಿಕಿತ್ಸೆ ಮುಂದಿನ ವಾರಕ್ಕೆ ಹೋಯಿತು. ನರಸೀಪುರ ಮುಟ್ಟುವವರೆಗೂ ಅವಳನ್ನು ಬೈಯುತ್ತಲೇ ಬಂದೆ, ಅಷ್ಟು ಸಿಟ್ಟು. ಮುಂದಿನ ಸಲ ಬೀಜದ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡೆ.

ಅಂದು ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿ ಚಿತ್ರಗಳನ್ನು ತೋರಿಸಿದರು. ಅವ್ವ ಬೋರಲಾಗಿ ಮಲಗಿದ್ದಾಳೆ. ದಬ್ಬಣದಂಥ ಸೂಜಿ ಬೆನ್ನಿನಿಂದ ಇಳಿದು ಗಡ್ಡೆಯ ನಟ್ಟನಡುವೆ ನಿಂತಿದೆ. ಬೆಂಕಿಯಿಲ್ಲ, ಹೊಗೆಯಿಲ್ಲ, ಸೂಜಿಯ ತುದಿಯ ಬಿಸಿಯೊಂದೇ ಗಡ್ಡೆಯನ್ನೂ ಅದರ ಸುತ್ತಲಿನ ಸ್ವಲ್ಪ ಅಂಚನ್ನೂ ಬೇಯಿಸಿದೆ. ಪಕ್ಕದಲ್ಲೇ ಕರುಳು. ಅದಕ್ಕೆ ಬಿಸಿ ತಾಗಬಾರದೆಂದು ಇನ್ನೊಂದು ಸಣ್ಣ ಸೂಜಿಯಿಂದ ನಡುವೆ ನೀರು ತುಂಬಿ ಕರುಳನ್ನು ಆಚೆ ಸರಿಸಿದ್ದರಂತೆ. ಮನುಷ್ಯರಿಗೆ ಇದೆಲ್ಲ ಬರುತ್ತದೆಯೇ ಎಂದು ನನ್ನ ಮೈ ಜುಮ್ಮೆಂದಿತು. ನನಗಿಂತ ಚಿಕ್ಕವರಾದ ಆ ಹೆಣ್ಣುಮಗಳಿಗೆ ಕೈ ಮುಗಿದೆ.

ಎಚ್ಚರವಾದ ಅವ್ವನಿಗೆ ಆ ನೀರಿನ ವಿಷಯ ಹೇಳಿದೆ. ಮುಖ ಮೊರದಗಲವಾಯಿತು.

“ನೋಡ್ದಾ! ಅವ್ರೂ ತಂಪು ಮಡ್ಗೇ ಸುಟ್ಟವ್ರೆ. ನನ್ ಒಂದ್ ಚೊಂಬಿಗೆ ಅಷ್ಟೊಂದ್ ಆಡ್ದಲ್ಲ ನೀನು!”

ಬೆನ್ನಿನಲ್ಲಿ ಒಂದು ತುಂಡು ಪ್ಲಾಸ್ಟರ್, ಅಷ್ಟೇ ಗುರುತು. ಮಂಚದ ಪಕ್ಕದ ಚೀಲಕ್ಕೆ ಮೂತ್ರ ತೊಟ್ಟಿಕ್ಕುತ್ತಿತ್ತು. ಅದು ಒಂದು ಹನಿಯೂ ಇಳಿಯದ ಕಾಲವನ್ನು ಕಂಡವನು ನಾನು. ದೇವರ ಮುಂದೆ ನಿಂತವನ ಹಾಗೆ ನೋಡುತ್ತಲೇ ನಿಂತಿದ್ದೆ. ಕೊನೆಗೆ ನರ್ಸು, ದಾರಿ ಬಿಡಿ ಎಂದು ಗದರಿದರು.

ಕೆಲವು ತಿಂಗಳ ಬಳಿಕ ಮತ್ತೆ ಸ್ಕ್ಯಾನ್ ಆಯಿತು. ಆ ದಿನದವರೆಗೆ ನನಗೆ ಸರಿಯಾಗಿ ಊಟ ಸೇರಿರಲಿಲ್ಲ. ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟು, “ರಕ್ತ ಓಡಾಡೋ ಕಡೆಯೆಲ್ಲ ಬೆಳ್ಳಗಿದೆ ನೋಡಿ. ಗಡ್ಡೆಯಿದ್ದ ಜಾಗ ಮಾತ್ರ ಕಪ್ಪು. ಅದು ಪೂರ್ತಿ ಸತ್ತಿದೆ. ಕಿಡ್ನಿ ಚೆನ್ನಾಗಿದೆ ಅಮ್ಮ. ಸ್ಕ್ಯಾನ್ ಮಾತ್ರ ಇನ್ಮೇಲೆ ತಪ್ಪಿಸಬಾರದು” ಎಂದರು.

ಅವ್ವ ಪರದೆಯ ಹತ್ತಿರ ಬಗ್ಗಿ, ಬೆಳ್ಳಗೆ ಕಾಣುತ್ತಿದ್ದ ತನ್ನ ಕಿಡ್ನಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ರಟ್ಟೆ ಹಿಡಿದು ಮುಂದಕ್ಕೆಳೆದು, ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಡಾಕ್ಟರಮ್ಮನಿಗೆ ಹೇಳಿದಳು.

“ಇದೇನೋ ಸರಿಯಾಯ್ತು ಕಣವ್ವ. ನನ್ನ ಇನ್ನೊಂದು ಇಲ್ಲಿ ಅದೆ. ಅದ್ನೂ ಒಸಿ ನೋಡ್ಬುಡು.”