ಮೂರು ಸೀರೆ ಉಟ್ಟವಳ ಆಟ

ಬಾಡಿಗೆ ಮಖಮಲ್ಲಿನ ಅಂಗಿಗೆ ಒಂದು ವಾಸನೆ ಇರುತ್ತದೆ. ಹಿಂದೆ ತೊಟ್ಟವರೆಲ್ಲರ ಬೆವರು, ಅದನ್ನು ಮುಚ್ಚಲು ಹೊಡೆದ ಅಗ್ಗದ ಸೆಂಟು, ಟ್ರಂಕಿನಲ್ಲಿಟ್ಟ ಡಾಂಬರು ಗುಳಿಗೆ, ಎಲ್ಲ ಕೂಡಿಕೊಂಡ ವಾಸನೆ. ನಮ್ಮ ಕಡೆ ಈಚೆಗೆ ಶುರುವಾಗಿರುವ ಸಂಸ್ಥಾನ ಕಾಲದ ಮೇಳಗಳ ಹೆಸರು ಎತ್ತಿದರೆ ನನಗೆ ಮೊದಲು ನೆನಪಾಗುವುದು ಅದೇ. ಅದರ ಹಿಂದೆಯೇ ವಾಕರಿಕೆ ಬರುತ್ತದೆ.

ಈ ಮೇಳಗಳು ಏನೆಂದು ಮೊದಲು ಹೇಳಿಬಿಡುತ್ತೇನೆ. ಜಮಖಂಡಿಯ ಒಬ್ಬ ಲಾಡ್ಜ್ ಮಾಲೀಕ ಇವುಗಳ ಸಂಘಟಕ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಅಂತ ಊರಿಗೊಂದು ಮೈದಾನ ಹಿಡಿಯುತ್ತಾನೆ. ಥರ್ಮಾಕೋಲಿನ ಕೋಟೆ ಬಾಗಿಲು ನಿಲ್ಲಿಸುತ್ತಾನೆ. ಟಿಕೆಟ್ ಕೊಂಡವರು ಒಳಗೆ ದೊರೆಯದೋ ರಾಣಿಯದೋ ಸರದಾರನದೋ ವೇಷ ಬಾಡಿಗೆಗೆ ತೊಟ್ಟು, ಪ್ಲೈವುಡ್ ಕತ್ತಿ ಹಿಡಿದು, ಫೋಟೋ ತೆಗೆಸಿಕೊಳ್ಳುತ್ತ ತಿರುಗಬೇಕು. ಪೇಟದ ಒಳಗೆ ಇಲಾಸ್ಟಿಕ್ ಇರುತ್ತದೆ, ಯಾವ ತಲೆಗಾದರೂ ಹಿಡಿಯಲಿ ಅಂತ. ಗೋಬಿ ಮಂಚೂರಿಗೆ ಅಲ್ಲಿ ಶಾಹಿ ಗೋಬಿ ಎಂದು ಹೆಸರು. ಎಣ್ಣೆ ಮಾತ್ರ ಬಸ್ ಸ್ಟ್ಯಾಂಡಿನದೇ. ಮುಧೋಳದ ಮೇಳದಲ್ಲಿ ಒಂದು ಬೇಟೆ ನಾಯಿಗೆ ಜರಿಯ ಅಂಗಿ ತೊಡಿಸಿ ಜನರೇಟರ್ ಪಕ್ಕ ಕಟ್ಟಿದ್ದರು. ಇಡೀ ಮೈದಾನದಲ್ಲಿ ಮಾನವಿದ್ದ ಜೀವ ಅದೊಂದೇ. ಫೋಟೋಕ್ಕೆ ಕರೆದವರ ಕಡೆ ಅದು ತಿರುಗಿಯೂ ನೋಡಲಿಲ್ಲ.

ಇಂಥ ಕಡೆ ನನಗೇನು ಕೆಲಸ ಅಂದರೆ, ನಾನೂ ನನ್ನ ಗಂಡನೂ ಮನೆಯಲ್ಲೇ ಆಟಗಳನ್ನು ಮಾಡಿ ಮಾರುತ್ತೇವೆ. ಕವಡಿ, ಕಾಯಿ, ಮನೆಗಳನ್ನು ಬರೆದ ಹಾಸು ಇರುವ, ಕೂತು ಆಡುವ ಆಟಗಳು. ಗಂಡನಿಗೆ ರಬಕವಿಯಲ್ಲಿ ನೂಲಿನ ಅಂಗಡಿ ಇದೆ, ಹೊಟ್ಟೆಪಾಡು ಅದರದ್ದು. ಆಟ ನಮ್ಮ ಹುಚ್ಚು. ಬನಹಟ್ಟಿಯ ನಮ್ಮ ಮನೆಯಲ್ಲಿ ಹಿಂದೆ ಮಗ್ಗ, ಮುಂದಿನ ಕೋಣೆಯಲ್ಲಿ ಡಬ್ಬಿಗಳು. ಹಾಸನ್ನು ನಾವು ನೇಯ್ದ ಬಟ್ಟೆಯ ಮೇಲೆಯೇ ಅಚ್ಚು ಹಾಕಿಸುತ್ತೇವೆ. ಹೊಸ ಬಟ್ಟೆಯ ಗಂಜಿಗೆ ಇಲಿ ಬರುತ್ತವೆ ಎಂಬುದು ತಲೆತಲಾಂತರದಿಂದ ಗೊತ್ತಿದ್ದೂ ಮೊದಲ ಸಲ ಒಗೆಯದೆ ಡಬ್ಬಿ ತುಂಬಿದೆವು. ಇಲಿಗಳು ನಮ್ಮ ಮೊದಲ ಗಿರಾಕಿಗಳಾದವು. ಎರಡನೆಯ ಸಲ ಒಗೆದು ತುಂಬಿದ ಡಬ್ಬಿಗಳನ್ನು ಹೊತ್ತುಕೊಂಡು ಈ ಮೇಳಗಳಿಗೆ ಹೊರಟೆವು. ಆಟದ ಸಾಮಾನು ನೋಡಲು ನಾಲ್ಕು ಮಂದಿ ಒಂದೇ ಕಡೆ ಸಿಗುವುದು ಅಲ್ಲಿಯೇ, ಬೇರೆ ದಾರಿ ಇರಲಿಲ್ಲ.

ಆ ಡಬ್ಬಿಯಲ್ಲಿದ್ದದ್ದು ಸುಂಕದ ಕಟ್ಟೆಯ ಆಟ. ಅದರ ಕಥೆ ನನ್ನ ಅಜ್ಜಿಯದು, ಅಂದರೆ ಅಪ್ಪನ ಅವ್ವನದು.

ಅಪ್ಪ ಆ ಕಥೆಯನ್ನು ನನಗೆ ಹೇಳಿದ್ದು ಮಗ್ಗದ ಸದ್ದಿನಲ್ಲಿ. ಪವರ್‌ಲೂಮ್ ಓಡುವಾಗ ಕಿವಿಯಲ್ಲಿ ಹೇಳಿದ್ದು ಪಕ್ಕದವರಿಗೂ ಕೇಳಿಸುವುದಿಲ್ಲ, ಅದಕ್ಕೇ ಅಲ್ಲಿ ಹೇಳುತ್ತಿದ್ದ. ಸಂಸ್ಥಾನಗಳಿದ್ದಾಗ ಅಕ್ಕಪಕ್ಕದ ಊರುಗಳೂ ಬೇರೆ ಬೇರೆ ದೊರೆಗಳ ಕೈಯಲ್ಲಿದ್ದವು. ಗಡಿಗೆ ಬಂದರೆ ಸುಂಕದ ಕಟ್ಟೆ. ಗಂಟು ಹೊತ್ತು ಹೋದರೆ ಸುಂಕ, ಉಟ್ಟ ಬಟ್ಟೆಗೆ ಇಲ್ಲ. ಹಾಗಾಗಿ ಅಜ್ಜಿ ಮಾರಬೇಕಾದ ಎರಡು ಹೊಸ ಸೀರೆಗಳನ್ನು ಒಳಗೆ ಉಟ್ಟು, ಮೇಲೆ ತನ್ನ ಹಳೆಯದೊಂದನ್ನು ಸುತ್ತಿಕೊಂಡು ಹೊರಡುತ್ತಿದ್ದಳಂತೆ. ಬೆವರು ಹತ್ತಿದರೆ ಗಂಜಿ ಹಾಳಾಗಿ ಸೀರೆ ಹಳೆಯದಾಗುತ್ತದೆ. ಅದಕ್ಕೇ ಚಳಿಗಾಲದ ಬೆಳಗಿನಲ್ಲೇ ಹೊರಡುವುದು. ಸಣ್ಣವನಿದ್ದ ಅಪ್ಪ ಸೆರಗು ಹಿಡಿದು ಜೊತೆಗೆ ಹೋಗುತ್ತಿದ್ದ.

ಒಂದು ದಿನ ಕಟ್ಟೆಯವನಿಗೆ ಸಂಶಯ ಬಂತು. ಅವಳನ್ನು ಬಾಗಿಲಲ್ಲಿ ನಿಲ್ಲಿಸಿ, ಕೈಯಲ್ಲಿದ್ದ ಬೆತ್ತದ ತುದಿಯಿಂದ ಕಾಲ ಹತ್ತಿರದ ಸೀರೆಯ ಅಂಚು ಎತ್ತಿದ. ಒಂದು, ಎರಡು, ಮೂರು ಎಂದು ನೆರೆದವರಿಗೆಲ್ಲ ಕೇಳುವಂತೆ ಎಣಿಸಿದ. ಜನ ನಕ್ಕರು. ಉಟ್ಟ ಬಟ್ಟೆಗೆ ಸುಂಕವಿಲ್ಲದ ಕಾರಣ ಅವನೂ ನಕ್ಕು ಬಿಟ್ಟುಬಿಟ್ಟ. ಅಜ್ಜಿ ದಾರಿಯಲ್ಲಿ ಅಪ್ಪನಿಗೆ ಹೇಳಿದ್ದು ಒಂದೇ ಮಾತು.

"ಯಾರ ಮುಂದೂ ಹೇಳಬ್ಯಾಡಪಾ."

ಬೆತ್ತದ ಸಂಗತಿಯನ್ನು ನಾನು ಆಟದಲ್ಲಿ ತರಲಿಲ್ಲ. ಉಳಿದದ್ದನ್ನು ತಂದೆ. ಆಡುವವರು ನೇಕಾರರು, ಒಬ್ಬರು ಸರದಿಯ ಮೇಲೆ ಸುಂಕದವರು. ಸೀರೆಗಳನ್ನು ಗಂಟು ಕಟ್ಟಿಕೊಂಡರೆ ಬೇಗ ಹೋಗಬಹುದು, ಆದರೆ ಕಟ್ಟೆಯಲ್ಲಿ ಸಿಕ್ಕಿಬೀಳುತ್ತೀರಿ. ಉಟ್ಟುಕೊಂಡರೆ ಸುಂಕವಿಲ್ಲ, ಆದರೆ ಒಂದೊಂದು ಸೀರೆಗೆ ನಡಿಗೆ ಒಂದೊಂದು ಮನೆ ಕಡಿಮೆ. ನಮ್ಮ ಓಣಿಯ ಹೆಂಗಸರು ಆಡಿ ಬಿದ್ದು ಬಿದ್ದು ನಕ್ಕಿದ್ದರು. ನಾನು ಗೆದ್ದೆ ಎಂದುಕೊಂಡಿದ್ದೆ.

ಜಮಖಂಡಿಯ ಮೇಳದಲ್ಲಿ ಒಬ್ಬರೂ ನೇಕಾರರಾಗಲು ಒಪ್ಪಲಿಲ್ಲ.

ಬಂದವರೆಲ್ಲ ಸುಂಕದವನ ಕಾಯಿಗೇ ಕೈ ಹಾಕುವವರು. ಒಂದು ಮನೆಯ ಗಂಡ, ಹೆಂಡತಿ, ಇಬ್ಬರು ಮಕ್ಕಳು ನಾಲ್ವರೂ ಸುಂಕದವರೇ ಆಗಬೇಕಂತೆ. ಹಾಗಾದರೆ ಸುಂಕ ಕೊಡುವವರು ಯಾರು ಎಂದು ಕೇಳಿದೆ. ಸರದಾರನ ವೇಷದ ಗಂಡಸು ಹಲ್ಲು ಕಿರಿದು, "ಅದಕ್ಕ ಕಂಪ್ಯೂಟರ್ ಇಡ್ರಿ ಅಕ್ಕಾರ" ಎಂದ. ಅವನನ್ನು ನಾನು ಬಲ್ಲೆ. ಅವನ ಅಪ್ಪ ಸಾಯುವ ತನಕ ನಮ್ಮದೇ ಓಣಿಯಲ್ಲಿ ಮಗ್ಗ ನಡೆಸಿದವನು. ಸ್ಟಾಲಿನ ಮುಂದೆ ನಿಂತವರೆಲ್ಲ ತಮ್ಮ ಮುತ್ತಜ್ಜ ದರಬಾರಿನಲ್ಲಿದ್ದ ಸುದ್ದಿಯನ್ನೇ ಹೇಳಿದರು. ಒಬ್ಬನದು ದಿವಾನ, ಇನ್ನೊಬ್ಬನದು ಖಜಾನೆ, ಮತ್ತೊಬ್ಬನದು ದೊರೆಯ ಕುದುರೆ. ಇಷ್ಟು ಮಂದಿ ದರಬಾರಿನಲ್ಲಿ ಕೂತಿದ್ದರೆ ಹೊಲ ಉತ್ತವರು ಯಾರು, ಇವರ ಮುತ್ತಜ್ಜಂದಿರಿಗೆ ಬಟ್ಟೆ ನೇಯ್ದು ಕೊಟ್ಟವರು ಯಾರು? ಕೇಳಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಆಗುತ್ತಿತ್ತು.

ಮುಧೋಳದಲ್ಲಿ ಡಬ್ಬಿಗಳು ಖರ್ಚಾದವು. ಖುಷಿಪಟ್ಟೆ. ಆಮೇಲೆ ನೋಡಿದರೆ ಕೊಂಡವರು ಹಾಸನ್ನಷ್ಟೇ ಇಟ್ಟುಕೊಂಡು, ಗೋಡೆಗೆ ತೂಗುಹಾಕಲು ಛಲೋ ಇದೆ ಅಂತ, ಕವಡಿ ಕಾಯಿಗಳನ್ನು ಶಾಹಿ ಗೋಬಿಯ ತಟ್ಟೆಗಳ ಜೊತೆ ಕಸದ ಡ್ರಮ್ಮಿಗೆ ಎಸೆದಿದ್ದರು. ನಾನು ಕೈ ಹಾಕಿ ಹೆಕ್ಕಿದೆ. ಕೆಂಪು ಸಾಸು ಮೆತ್ತಿಕೊಂಡ ಕವಡಿಗಳನ್ನು ಮನೆಗೆ ತಂದು ಎಷ್ಟು ತೊಳೆದರೂ ಬೆಳ್ಳುಳ್ಳಿಯ ನಾತ ಹೋಗಲಿಲ್ಲ. ಗಂಡ ಇನ್ನೊಂದು ತಂಬಿಗೆ ನೀರು ತಂದಿಟ್ಟ.

"ಬಿಟ್ಟಬಿಡೂಣ ಅಂದ್ರ ಬಿಟ್ಟಬಿಡೂಣು" ಎಂದ.

ಬಿಡಬೇಕಿತ್ತು. ಆದರೆ ಮುಂದಿನ ಮೇಳ ನಮ್ಮೂರಿನದು. ನೇಕಾರರ ಊರಲ್ಲಾದರೂ ನೇಕಾರರ ಆಟ ಆಡಿಯಾರು ಎಂಬ ಆಸೆ. ಅಪ್ಪನನ್ನೂ ಕರೆದುಕೊಂಡು ಹೋದೆ. ಎಂಬತ್ತು ದಾಟಿದ್ದಾನೆ, ಕಾಲು ಗಟ್ಟಿ ಇದೆ, ಕಣ್ಣೂ ಇದೆ. ಆಟ ಯಾರದೆಂದು ಯಾರಾದರೂ ಕೇಳಿದರೆ ಅವನನ್ನೇ ತೋರಿಸಬೇಕು ಎಂದುಕೊಂಡಿದ್ದೆ.

ಮಧ್ಯಾಹ್ನದ ಹೊತ್ತಿಗೆ ಅಪ್ಪ ಸ್ಟಾಲಿನಲ್ಲಿ ಇರಲಿಲ್ಲ. ವೇದಿಕೆಯ ಮೇಲೆ ಇದ್ದ. ಧೋತರ, ನೆಹರು ಶರ್ಟಿನ ಮೇಲೆಯೇ ಕೆಂಪು ಮಖಮಲ್ ಅಂಗಿ ಏರಿಸಿದ್ದರು. ಪೇಟದ ಇಲಾಸ್ಟಿಕ್ ಕಿವಿಯನ್ನು ಮಡಚಿತ್ತು. ಸಂಘಟಕ ಮೈಕು ಹಿಡಿದು ಒಬ್ಬೊಬ್ಬ ಹಿರಿಯರನ್ನೂ ಮಾತಾಡಿಸುತ್ತಿದ್ದ.

"ಕಾಕಾರ, ಸಂಸ್ಥಾನದಾಗ ನಿಮ್ಮ ಮನೆತನದ್ದು ಏನ ಕೆಲಸ ಇತ್ರಿ?"

ಅಪ್ಪ ಕೆಳಗೆ ನಿಂತ ಜನರನ್ನು ನೋಡಿದ. ನನ್ನನ್ನೂ ನೋಡಿರಬೇಕು.

"ನಮ್ಮಪ್ಪ ಸುಂಕದ ಅಧಿಕಾರಿ ಆಗಿದ್ನ್ರಿ" ಎಂದ.

ಜನ ಚಪ್ಪಾಳೆ ಹೊಡೆದರು. ಊರಿನವರೆಲ್ಲರ ಸುಳ್ಳುಗಳನ್ನು ಕೇಳಿ ಬರೀ ಅಸಹ್ಯಪಟ್ಟಿದ್ದೆ, ಅಪ್ಪನ ಸುಳ್ಳಿಗೆ ಮೈಯೆಲ್ಲ ಉರಿಯಿತು. ತನ್ನ ಅವ್ವನ ಸೀರೆ ಎತ್ತಿದವನನ್ನು ಈತ ಮೈಕಿನಲ್ಲಿ ಅಪ್ಪ ಮಾಡಿಕೊಂಡಿದ್ದ. ಸಂಜೆ ಮಖಮಲ್ ಬಿಚ್ಚಿಕೊಟ್ಟು ಬಂದ ಮೇಲೂ ಅವನ ಶರ್ಟಿಗೆ ಆ ವಾಸನೆ ಹತ್ತಿತ್ತು. ನಾನು ಹತ್ತಿರ ಕೂರಲಿಲ್ಲ.

ಮರುದಿನ ಸಂಘಟಕ ಮನೆಗೇ ಬಂದ. ಚಹಾ ಕುಡಿದ. ಬಸಿಯಲ್ಲಿ ಸುರಿದುಕೊಂಡು ಸೊರ್ ಸೊರ್ ಎಂದು ಕುಡಿಯುತ್ತಲೇ ವ್ಯವಹಾರ ಹೇಳಿದ. ಬೀಳಗಿ ಆದ ಮೇಲಿನ ಎಲ್ಲ ಮೇಳಗಳಲ್ಲಿ ಬಂದ ದೊಡ್ಡವರಿಗೆ ಶಾಲು-ಹಾರದ ಜೊತೆ ನಮ್ಮ ಆಟವನ್ನೇ ಕೊಡುತ್ತಾನೆ. ನಾವು ಕನಸಿನಲ್ಲೂ ಎಣಿಸದಷ್ಟು ಡಬ್ಬಿ ಬೇಕು. ಎರಡು ಸಣ್ಣ ಬದಲಾವಣೆ ಅಷ್ಟೇ. ಕದ್ದು ಸಾಗಿಸುವ ನೇಕಾರರನ್ನು ತೆಗೆದು, ಪ್ರಜೆಗಳು ಸಂತೋಷದಿಂದ ದೊರೆಗೆ ಕಪ್ಪ ತಂದೊಪ್ಪಿಸುವ ಆಟ ಮಾಡಬೇಕು. ಡಬ್ಬಿಯ ಮೇಲೆ ಮಖಮಲ್ ಅಂಗಿಯಲ್ಲಿರುವ ಅಪ್ಪನ ಫೋಟೋ ಹಾಕಿ, ಸುಂಕದ ಅಧಿಕಾರಿಯ ಮನೆತನದಿಂದ ಬಂದ ಆಟ ಎಂದು ಬರೆಯಬೇಕು.

"ಕಾಕಾರ ಬಾಯಿಂದನ ಬಂದೈತಲ್ರಿ ಅಕ್ಕಾರ, ನಾ ಏನ ಹುಟ್ಟಿಸಿ ಹೇಳಾಕತ್ತಿಲ್ಲ."

ಬೀಳಗಿಯ ಮೇಳ ಮುಗಿಯುವುದರೊಳಗೆ ಹೇಳುತ್ತೇವೆ ಎಂದು ಗಂಡ ಅವನನ್ನು ಸಾಗಹಾಕಿದ. ಅವನು ಹೋದ ಮೇಲೆ ನಾನು ಅಪ್ಪನ ಎದುರಿಗೆ ನಿಂತೆ.

"ಖರೆ ಹೇಳಪಾ. ನಿನಗ ಈ ಡಬ್ಬಿ ಬೇಕ?"

"ಬರಲಿ ಬಿಡವಾ. ಏನ ಆಗೂದೈತಿ."

"ಅಜ್ಜಿನ್ನ ತಗದ ಒಗದು ಅಲ್ಲಿ ನಿನ್ನ ಫೋಟೋ ಹಾಕ್ಲಿ?"

ಅವನು ನನ್ನ ಮುಖ ನೋಡದೆ ಹೇಳಿದ, "ಎಲ್ಲಾರೂ ದಿವಾನರ ಮಕ್ಕಳಾಗಿ ನಿಂತಿರ್ತಾರ. ನಾ ಒಬ್ಬಾಂವ ಮೈಕಿನಾಗ ಏನಂತ ಹೇಳ್ಲಿ? ನಮ್ಮವ್ವನ್ನ ನಿಲ್ಲಿಸಿ ಎಣಿಸಿದ್ರು ಅಂತ ಹೇಳ್ಲ್ಯಾ? ಆಕಿನ ಹೇಳಬ್ಯಾಡ ಅಂದಾಳ."

ನನ್ನ ಸಿಟ್ಟು ಇಳಿಯಲಿಲ್ಲ. ಹೇಳಬೇಡ ಎಂದದ್ದು ಹೌದು, ಅದಕ್ಕೆ ಬೆತ್ತ ಹಿಡಿದವನ ಮಗ ಆಗು ಎಂದು ಅರ್ಥವೇ?

ಬೀಳಗಿಗೆ ಅಪ್ಪನನ್ನು ಸಂಘಟಕ ಹಿಂದಿನ ದಿನವೇ ಕಾರು ಕಳಿಸಿ ಕರೆಸಿಕೊಂಡ. ಯಾಕೆಂದು ನಮಗೆ ಹೇಳಲಿಲ್ಲ.

ಮೇಳದ ದಿನ ಬೆಳಿಗ್ಗೆ ಚಳಿ ಇತ್ತು. ನಾನು ಗಂಜಿ ಬಿಡದ ಎರಡು ಹೊಸ ಸೀರೆ ಉಟ್ಟೆ, ಮೇಲೆ ಅಡುಗೆಮನೆಯಲ್ಲಿ ಉಡುವ ಹಳೆಯದೊಂದನ್ನು ಸುತ್ತಿದೆ. ಯಾರಿಗೋ ಪಾಠ ಕಲಿಸಲು ಅಂತ ಅಲ್ಲ. ಸ್ಟಾಲಿನವರಿಗೆ ವೇಷ ಕಡ್ಡಾಯವಿತ್ತು, ಹಿಂದಿನ ಮೇಳಗಳಲ್ಲಿ ತೊಟ್ಟ ಆ ಮಖಮಲ್ಲನ್ನು ಇನ್ನೊಮ್ಮೆ ಮೈಗೆ ಮುಟ್ಟಿಸಿಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಮೂರು ಸೀರೆ ಉಟ್ಟವಳಿಗೆ ಕೂರಲು ಬರುವುದಿಲ್ಲ ಎಂಬುದು ಆಟ ಮಾಡಿದ ನನಗೆ ಆವತ್ತೇ ಗೊತ್ತಾದದ್ದು. ಟೆಂಪೊದಲ್ಲಿ ಡಬ್ಬಿಗಳಿಗೆ ಒರಗಿಕೊಂಡು, ಕೂತೂ ಕೂರದ ಹಾಗೆ ಬೀಳಗಿ ಮುಟ್ಟಿದೆ. ಗಂಜಿಯ ಮಡಿಕೆ ಸೊಂಟವನ್ನು ತರಚಿ ಕೆಂಪಾಗಿಸಿತ್ತು.

ಥರ್ಮಾಕೋಲಿನ ಬಾಗಿಲಲ್ಲಿ ಅಪ್ಪ ಕೂತಿದ್ದ. ಅದೇ ಕೆಂಪು ಅಂಗಿ, ಎದೆಗೆ ಅಡ್ಡವಾಗಿ ಸುಂಕದ ಅಧಿಕಾರಿ ಎಂದು ಬರೆದ ಪಟ್ಟಿ, ಕೈಯಲ್ಲಿ ಬೆತ್ತ. ಬಂದವರ ಚೀಲವನ್ನು ಬೆತ್ತದಿಂದ ಮುಟ್ಟಿ, ಸುಂಕ ಕಟ್ಟೀರೇನು ಎಂದು ಕೇಳುವುದು ಅವನ ಕೆಲಸ. ಜನ ಕಿಸಕ್ಕೆಂದು ನಕ್ಕು, ಟಿಕೆಟ್ ತೋರಿಸಿ, ಅವನ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದುಕೊಂಡು ಒಳಗೆ ಹೋಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ಅಂಥ ನಗು ನಾನು ಅವನ ಮುಖದಲ್ಲಿ ಎಂದೂ ಕಂಡಿರಲಿಲ್ಲ, ಕಾಣಬಾರದಿತ್ತು. ತಿರುಗಿ ಟೆಂಪೊ ಹತ್ತಬೇಕೆನಿಸಿತು.

ಸಂಘಟಕ ಅಲ್ಲಿಯೇ ಇದ್ದ.

"ಅಕ್ಕಾರ, ವೇಷ ಎಲ್ಲೈತ್ರಿ? ಸಾದಾ ಸೀರಿ ಉಟ್ಟ ಬಂದೀರಲ್ಲ."

"ಇದ ನನ್ನ ವೇಷರಿ."

"ಕಾಕಾರ, ನಿಮ್ಮ ಮಗಳಂತ ಬಿಡಬ್ಯಾಡ್ರಿ. ತಪಾಸ ಮಾಡ್ರಿ" ಎಂದು ಅವನು ದೊಡ್ಡದಾಗಿ ನಕ್ಕ. ಸುತ್ತಲಿನ ನಾಲ್ಕು ಮಂದಿ ದೊರೆಗಳೂ ನಕ್ಕರು.

ಅಪ್ಪ ನಗುತ್ತಲೇ ಬೆತ್ತ ಚಾಚಿದ. ನನ್ನ ಕೈಯಲ್ಲಿ ಚೀಲ ಇರಲಿಲ್ಲ. ಬೆತ್ತದ ತುದಿ ಚೀಲ ಹುಡುಕುತ್ತ ಕೆಳಗೆ ಬಂತು. ಟೆಂಪೊದಿಂದ ಇಳಿಯುವಾಗ ಮೇಲಿನ ಸೀರೆ ಜಗ್ಗಿ ಎತ್ತರವಾಗಿತ್ತು, ಕಾಲ ಹತ್ತಿರ ಮೂರು ಅಂಚೂ ಕಾಣುತ್ತಿದ್ದವು. ನಾನು ಸರಿಪಡಿಸಿಕೊಳ್ಳಲಿಲ್ಲ. ಬೆತ್ತ ಅಲ್ಲಿಗೆ ಬಂದು ನಿಂತಿತು.

ಅಪ್ಪ ಮುಖ ಎತ್ತಲಿಲ್ಲ. ಬೆತ್ತವನ್ನು ಕುರ್ಚಿಯ ಹಿಂದೆ ಇಟ್ಟ. ಎರಡೂ ಕೈ ಊರಿ ಎದ್ದು ನಿಂತು, ಬಾಗಿಲಿನಿಂದ ಪಕ್ಕಕ್ಕೆ ಸರಿದ.

"ಹೋಗವಾ ಒಳಗ. ಉಟ್ಟ ಬಟ್ಟಿಗೆ ಸುಂಕ ಇಲ್ಲ."

ಸಂಘಟಕನಿಗೆ ಅದು ಬಹಳ ಹಿಡಿಸಿತು.

"ಮಸ್ತ್ ಡೈಲಾಗ್ರಿ ಕಾಕಾರ. ಅಕ್ಕಾರ, ಹಿಂದ ಹೋಗಿ ಇನ್ನೊಮ್ಮೆ ಬರ್ರಿ. ನಾ ಫೋನ್ ಹಿಡದಿರ್ಲಿಲ್ಲ. ಕಾಕಾರ, ಬೆತ್ತದಿಂದ ಸೀರಿ ಅಂಚ ಒಂಚೂರ ಎತ್ತಿ ನೋಡಿದಂಗ ಮಾಡ್ರಿ, ವಿಡಿಯೋದಾಗ ಛಲೋ ಬರ್ತದ."

ಅವನೇ ಬೆತ್ತ ಹುಡುಕಿ ತಂದು ಅಪ್ಪನ ಕೈಗೆ ಹಿಡಿಸಲು ಬಂದ. ಅಪ್ಪ ತೆಗೆದುಕೊಳ್ಳಲಿಲ್ಲ. ಎದೆಯ ಪಟ್ಟಿಯನ್ನು ತಲೆಯ ಮೇಲಿನಿಂದ ತೆಗೆಯಲು ಹೋದ, ಅದು ಪೇಟಕ್ಕೆ ಸಿಕ್ಕಿಕೊಂಡಿತು. ಪೇಟವನ್ನೂ ಕೂಡಿಯೇ ತೆಗೆದ.

"ನಮ್ಮಪ್ಪ ಅಧಿಕಾರಿ ಅಲ್ರಿ ಸಾವಕಾರ್ರ" ಎಂದ. ಮೈಕು ಇಲ್ಲದಿದ್ದರೂ ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. "ಇಂಥಾ ಒಂದ ಬಾಗಲದಾಗ ನಮ್ಮವ್ವನ್ನ ನಿಲ್ಲಿಸಿದ್ರು. ಒಮ್ಮೆ ಆಗೇತಿ. ಸಾಕು."