ಸ್ವೆಟರ್ ಹಾಕಿದವರ ಸೆಕೆ

ಕುವೈತಿನ ಯೂನಿವರ್ಸಿಟಿಯೊಂದರಲ್ಲಿ ನಾನು ಏಸಿ ಮೆಕ್ಯಾನಿಕ್ ಆಗಿದ್ದೆ. ಜುಲೈ ತಿಂಗಳಲ್ಲೂ ಅಲ್ಲಿನ ಆಫೀಸಿನವರು ಏಸಿಯನ್ನು ಹದಿನೆಂಟು ಡಿಗ್ರಿಗಿಟ್ಟು ಸ್ವೆಟರ್ ಹಾಕಿ ಕೂರುತ್ತಿದ್ದರು. ಅದನ್ನು ಇಪ್ಪತ್ತನಾಲ್ಕಕ್ಕೆ ಏರಿಸಿ ಕರೆಂಟ್ ಉಳಿಸುವ ಪ್ರಾಜೆಕ್ಟಿಗೆ ನೂರಾ ಎಂಬ ವಿದ್ಯಾರ್ಥಿನಿ ಫಂಡ್ ಕೇಳಿದ್ದಳು. ಫಂಡ್ ಕೊಡುವ ಕಮಿಟಿಯ ಸಂದರ್ಶನದ ದಿನ ಬೆಳಿಗ್ಗೆಯೇ ಅವಳಿಗೆ ಹೇಳಿ ಕಮಿಟಿ ರೂಮಿನ ಏಸಿಯನ್ನು ಇಪ್ಪತ್ತನಾಲ್ಕಕ್ಕೆ ಇಟ್ಟೆ. ಪ್ರೊಜೆಕ್ಟರ್ ನೋಡಿಕೊಳ್ಳುವ ನೆಪದಲ್ಲಿ ಮೂಲೆಯಲ್ಲೇ ನಿಂತೆ.

ಎಲ್ಲ ಕೇಳಿದ ಅಧ್ಯಕ್ಷರು, "ಇಪ್ಪತ್ತನಾಲ್ಕರಲ್ಲಿ ಯಾರಮ್ಮ ಕೂರುತ್ತಾರೆ?" ಎಂದರು.

"ನೀವೇ ಒಂದು ಗಂಟೆಯಿಂದ ಕೂತಿದ್ದೀರಿ ಡಾಕ್ಟರ್, ಸ್ವೆಟರ್ ಕೂಡ ತೆಗೆದಿಲ್ಲ," ಎಂದು ನೂರಾ ಗೋಡೆಯ ಮೇಲಿನ ಥರ್ಮೋಸ್ಟಾಟ್ ತೋರಿಸಿದಳು.

ಅವರು ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಫಂಡೇನೋ ಸಿಕ್ಕಿತು.

ಮರುದಿನ ಅಧ್ಯಕ್ಷರಿಂದಲೇ ಕಂಪ್ಲೇಂಟ್ ಬಂತು: ಕಮಿಟಿ ರೂಮಿನಲ್ಲಿ ನಿನ್ನೆಯಿಂದ ತಡೆಯಲಾರದ ಸೆಕೆ, ಕೂಡಲೇ ಮೆಕ್ಯಾನಿಕ್ಕನ್ನು ಕಳಿಸಿ, ನಿನ್ನೆ ಬಂದವನು ಬೇಡ.